ಕೈಯಳತೆಗೆ ತಕ್ಕ ಚಾಕು

ಕಲ್ಕತ್ತೆಯೆನ್ನಿ, ೨೦೦೧ರಲ್ಲಿ ಬದಲಾದ ಹೆಸರಿನಂತೆ ಕೋಲ್ಕತ್ತವೆನ್ನಿ, ಈ ಊರಿಗೆ ಬಂದು ನೆಲೆಸಿದ ಕನ್ನಡದ ಹೆಣ್ಣುಮಗಳಿಗೆ ಮೊದಲ ದಿನವೇ ಪರಿಚಿತವಾಗಿ ಕಾಣುವ ವಸ್ತು ಒಂದುಂಟು. ಅದು ನೆರೆಮನೆಯ ಬಂಗಾಳಿ ತಾಯಿಯ ಬೊಂಟಿ. ಮರದ ಮಣೆ, ಅದರ ಮೇಲೆ ಎದ್ದು ನಿಂತ ಬಾಗಿದ ಅಲಗು, ಮಣೆಯನ್ನು ಮೆಟ್ಟಿ ಕುಳಿತು ಎರಡು ಕೈಯಿಂದಲೂ ತರಕಾರಿಯನ್ನು ಅಲಗಿಗೆ ಒಡ್ಡಿ ಹೆಚ್ಚುವ ಕ್ರಮ, ಎಲ್ಲವೂ ನಮ್ಮ ಈಳಿಗೆ ಮಣೆಯದೇ. ಕರಾವಳಿಯ ಕಡೆಯವರು ಅದನ್ನೇ ಮೆಟ್ಟುಕತ್ತಿ ಎನ್ನುತ್ತಾರೆ. ಭಾಷೆ ಬಾರದಿದ್ದರೂ, ಬಾಳೆಹೂವು ಬಿಡಿಸುವಾಗ, ಬಾಳೆದಿಂಡಿನ ನಾರು ತೆಗೆಯುವಾಗ ಇಬ್ಬರ ಕೈಯೂ ಒಂದೇ ಮಾತನ್ನಾಡುತ್ತವೆ. ಮೀನಿಗೊಂದು, ತರಕಾರಿಗೊಂದು ಬೊಂಟಿಯನ್ನು ಬೇರೆಯಿಡುವ ಅವರ ಮಡಿಯೂ ನಮ್ಮ ಅಜ್ಜಿಯರಿಗೆ ಒಪ್ಪಿಗೆಯಾಗುವಂಥದೇ.

ಆದರೆ ಈಗಿನದು ನಿಂತು ಮಾಡುವ ಅಡುಗೆಮನೆ. ಮಂಡಿನೋವಿನ ಹಿರಿಯರಿಗೆ ನೆಲದ ಮೇಲೆ ಕೂರುವುದು ಕಷ್ಟ, ಕಿರಿಯರಿಗೆ ಅಭ್ಯಾಸವಿಲ್ಲ. ಈಳಿಗೆ ಮಣೆ ಅಟ್ಟ ಸೇರಿತು, ಚಾಕು ಕೈಗೆ ಬಂತು. ಅದರ ಹಿಂದೆಯೇ ಒಂದು ಹೊಸ ಹವ್ಯಾಸವೂ ಬಂತು. ಚಾಕುವನ್ನು ಕೊಳ್ಳುವ ಬದಲು ತಾನೇ ಮಾಡಿಕೊಳ್ಳುವುದು! ಅದಕ್ಕೆ ಬೇಕಾದ ಅಲಗು, ಹಿಡಿಯ ಮರ, ಮೊಳೆ, ಅಂಟುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ‘ಕಿಟ್’ ಎಂದು ಮಾರುತ್ತಾರೆ. ನಮ್ಮ ಮನೆಗಳ ಹದಿಹರೆಯದ ಮಕ್ಕಳು ಇದಕ್ಕೆ ಬೇಗ ಮನಸೋಲುತ್ತಾರೆ. ಸೋಲಲಿ, ತಪ್ಪೇನಿಲ್ಲ. ದಿನವಿಡೀ ಗಾಜಿನ ಪರದೆಯನ್ನು ತೀಡುವ ಬೆರಳು ಒಂದು ಗಂಟೆ ಅರ ಹಿಡಿದರೆ ಲಾಭವೇ. ಆದರೆ ಯಾವ ಪೆಟ್ಟಿಗೆ ಯಾರ ಕೈಗೆ ಎಂಬ ವಿವೇಕ ಮೊದಲು ಬೇಕು. ಆ ವಿವೇಕ ನಮ್ಮ ಮನೆಗೆ ತಡವಾಗಿ ಬಂತು. ಹಾಗೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಬಾಣಲೆಯ ಕಥೆ

ನನ್ನ ತಂಗಿಯ ಮಗನಿಗೆ ಆಗ ಹದಿನೈದು ವರ್ಷ. ಹುಟ್ಟಿದ್ದು, ಬೆಳೆದದ್ದು ಎಲ್ಲ ಈ ಊರಿನಲ್ಲೇ. ಅವನ ಅಜ್ಜಿ ಮದುವೆಯಾಗಿ ಬಂದಾಗ ಮಲೆನಾಡಿನಿಂದ ಹಲಸಿನ ಹಲಗೆಯ ಈಳಿಗೆ ಮಣೆಯೊಂದನ್ನು ತಂದಿದ್ದರು. ಐವತ್ತು ವರ್ಷ ದುಡಿದ ಮೇಲೆ ಅದರ ಅಲಗು ಸವೆದು ಎಳೆಯಾಯಿತು, ಹಲಗೆ ಒಂದು ಕೊನೆಯಲ್ಲಿ ಸೀಳಿತು. ಅಜ್ಜಿಗೂ ನೆಲದ ಮೇಲೆ ಕೂರಲಾಗದ ಕಾಲ ಬಂತು. ಬೆರಳಿನ ಗಿಣ್ಣುಗಳು ಊದಿಕೊಂಡು, ಅಂಗಡಿಯ ಚಾಕುವಿನ ಸಣ್ಣ ಹಿಡಿ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. “ತರಕಾರಿ ಹೆಚ್ಚುವುದೂ ಕೈಬಿಟ್ಟು ಹೋಯಿತಲ್ಲ” ಎಂದು ಅವರು ಒಂದು ದಿನ ಅಂದದ್ದು ಹುಡುಗನ ಕಿವಿಗೆ ಬಿತ್ತು. ದಪ್ಪ ಹಿಡಿಯ ಚಾಕುವೊಂದನ್ನು ತಾನೇ ಮಾಡಿಕೊಡುವೆನೆಂದು ಅವನು ಹಟ ಹಿಡಿದ.

ಹಟ ಒಳ್ಳೆಯದೇ. ಆದರೆ ಅವನು ಕೂಡಿಟ್ಟ ಹಣವನ್ನೆಲ್ಲ ಹಾಕಿ ತರಿಸಿದ ಪೆಟ್ಟಿಗೆ ಪಳಗಿದ ಕೈಗಳಿಗೆ ಮೀಸಲಾದದ್ದು. ಒಳಗಿದ್ದ ಅಲಗು ಚಾಕುವಿನ ಆಕಾರದ ಮೆದು ಉಕ್ಕು, ಅಷ್ಟೆ. ಅದಕ್ಕೆ ಬಾಯಿ ತೆಗೆಯಬೇಕು, ಕಾಯಿಸಿ ಹದ ಕೊಡಬೇಕು. ಹುಡುಗನಿಗೆ ಇದು ತಿಳಿಯದು. ಉಜ್ಜಿ ಹೊಳಪು ಮಾಡಿದ, ಹರಿತವೂ ಮಾಡಿದ. ಮೊದಲ ಸೌತೆಕಾಯಿ ಸಲೀಸಾಗಿ ಹೋಯಿತು. ಮೂರನೆಯ ದಿನ ಸಿಹಿಕುಂಬಳದ ಸಿಪ್ಪೆಗೆ ತಾಗಿದೊಡನೆ ಬಾಯಿ ಮಡಚಿಕೊಂಡಿತು. ಅವನು ಎಲ್ಲಿಯೋ ಓದಿದ್ದನ್ನು ನೆನೆದು, ಮನೆಯಲ್ಲಿ ಹಿರಿಯರು ಮಲಗಿದ್ದ ಮಧ್ಯಾಹ್ನ, ಅಲಗನ್ನು ಗ್ಯಾಸ್ ಒಲೆಯ ಮೇಲೆ ಕೆಂಪಾಗುವಷ್ಟು ಕಾಯಿಸಿ ಬಾಣಲೆಯ ಎಣ್ಣೆಯಲ್ಲಿ ಅದ್ದಿದ. ಎಣ್ಣೆ ಭಗ್ಗನೆ ಹೊತ್ತಿಕೊಂಡಿತು. ತಂಗಿ ಓಡಿಬಂದವಳು ನೀರಿಗೆ ಕೈಹಾಕದೆ, ಒಲೆ ಆರಿಸಿ, ದೊಡ್ಡ ತಟ್ಟೆಯೊಂದನ್ನು ಬಾಣಲೆಯ ಮೇಲೆ ಮುಚ್ಚಿಬಿಟ್ಟಳು. ಬೆಂಕಿ ಉಸಿರು ಕಟ್ಟಿ ಆರಿತು. ನೀರು ಸುರಿದಿದ್ದರೆ ಉರಿಯುವ ಎಣ್ಣೆ ಸಿಡಿದು ಏನಾಗುತ್ತಿತ್ತೋ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹುಡುಗನ ಹುಬ್ಬಿನ ಕೂದಲು ಸುಟ್ಟಿತು, ಬೇರೇನೂ ಆಗಲಿಲ್ಲ. ಅಲಗು ಮಾತ್ರ ಸೊಟ್ಟಗಾಗಿತ್ತು.

ಅವನ ತಂದೆ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗ ಮಾತು ಬಿಟ್ಟ. ಕಬ್ಬಿಣದ ಕಾರ್ಖಾನೆಯಲ್ಲಿ ಅರ ಹಿಡಿದು ಅನ್ನ ಕಂಡವನು ನಾನಾದ್ದರಿಂದ ಪಂಚಾಯಿತಿ ನನ್ನ ಬಳಿಗೆ ಬಂತು. ತಪ್ಪು ಹವ್ಯಾಸದ್ದಲ್ಲ, ಅಳತೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕ್ಕೆ ಹೇಗೋ ಕೈಗಾರಿಕೆಗೂ ಹಾಗೆಯೇ.

ಚಾಕು ಹುಟ್ಟುವ ಬಗೆ

ಪೆಟ್ಟಿಗೆ ಆರಿಸುವ ಮೊದಲು ಚಾಕು ಹೇಗೆ ಹುಟ್ಟುತ್ತದೆಂಬುದನ್ನು ಅರಿಯಬೇಕು. ಮೊದಲು ಉಕ್ಕಿನ ಪಟ್ಟಿಗೆ ಆಕಾರ ಕೊಡುವುದು. ಇದನ್ನು ಬಡಿದೂ ಮಾಡಬಹುದು, ಕತ್ತರಿಸಿ ಅರದಿಂದ ಉಜ್ಜಿಯೂ ಮಾಡಬಹುದು. ಎರಡನೆಯದು ಬೆನ್ನಿನಿಂದ ಬಾಯಿಯ ಕಡೆಗೆ ಇಳಿಜಾರು ತೆಗೆಯುವುದು. ಮೂರನೆಯದು ಹದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಡಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಅದನ್ನು ಮತ್ತೆ ಮಂದ ಶಾಖದಲ್ಲಿಟ್ಟು ಪೆಡಸು ತೆಗೆಯಬೇಕು. ನಾಲ್ಕನೆಯದು ಹಿಡಿ ಕೂಡಿಸುವುದು. ಐದನೆಯದು ಸಾಣೆ.

ಈ ಐದರಲ್ಲಿ ಎಷ್ಟನ್ನು ಕಾರ್ಖಾನೆ ಮಾಡಿಕೊಟ್ಟಿದೆ, ಎಷ್ಟು ನಿಮ್ಮ ಪಾಲಿಗೆ ಉಳಿದಿದೆ, ಎಂಬುದರ ಮೇಲೆಯೇ ಪೆಟ್ಟಿಗೆಯ ದರ್ಜೆ ನಿಂತಿದೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಎಲ್ಲ ಚಾಕುಗಳೂ ಒಂದೇ ತೆರನಾಗಿ ಹೊಳೆಯುತ್ತವೆ. ಮೋಸ ಹೋಗುವುದು ಇಲ್ಲಿಯೇ.

ಮೊದಲ ದರ್ಜೆ: ಹಿಡಿ ಕೂಡಿಸುವ ಪೆಟ್ಟಿಗೆ

ಎಂದೂ ಅರ ಹಿಡಿಯದವರಿಗೆ ಇದೇ ಸರಿ. ಅಲಗು ಹದಗೊಂಡು, ಇಳಿಜಾರು ತೆಗೆದು ಸಿದ್ಧವಾಗಿ ಬರುತ್ತದೆ. ಹಿಡಿಯ ಎರಡು ಮರದ ಹೋಳುಗಳನ್ನು ಅಲಗಿನ ಬಾಲದ ಇಬ್ಬದಿಗೆ ಅಂಟಿಸಿ, ಮೊಳೆ ಕೂಡಿಸಿ, ಉಜ್ಜಿ ನಯ ಮಾಡುವುದಷ್ಟೇ ನಿಮ್ಮ ಕೆಲಸ. ಬೇಕಾದ ಸಲಕರಣೆಯೂ ಕಡಿಮೆ: ಒಂದು ಬೈರಿಗೆ, ಎರಡು ಬಿಗಿಹಿಡಿಗಳು, ಒಂದು ಅರ, ೮೦ರಿಂದ ೪೦೦ರವರೆಗಿನ ನಾಲ್ಕೈದು ಬಗೆಯ ಉಪ್ಪುಕಾಗದ. ಚಾಂದನಿ ಚೌಕದಲ್ಲೋ ನೇತಾಜಿ ಸುಭಾಷ್ ರಸ್ತೆಯ ಕಬ್ಬಿಣದ ಅಂಗಡಿಗಳಲ್ಲೋ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಕ್ಕುತ್ತವೆ.

ಸುಲಭವೆಂದು ಉದಾಸೀನ ಮಾಡಬಾರದು. ಹದಗೊಂಡ ಉಕ್ಕನ್ನು ಸಾಮಾನ್ಯ ಬೈರಿಗೆ ಕೊರೆಯಲಾರದು; ಆದ್ದರಿಂದ ಬಾಲದಲ್ಲಿ ತೂತುಗಳು ಮೊದಲೇ ಇರಬೇಕು, ಮೊಳೆಯ ದಪ್ಪ ಅವಕ್ಕೆ ಹೊಂದಬೇಕು. ಕೆಲಸಕ್ಕೆ ಕೂರುವ ಮೊದಲು ಅಲಗಿಗೆ ದಪ್ಪ ರಟ್ಟು ಸುತ್ತಿ ಪಟ್ಟಿ ಅಂಟಿಸಿ. ಬೆರಳು ಕುಯ್ದುಕೊಳ್ಳುವವರಲ್ಲಿ ಬಹುಮಂದಿ ಈ ಒಂದನ್ನು ಮರೆತವರೇ. ಅಂಟುವ ಎರಡು ಮುಖಗಳನ್ನೂ ಒರಟು ಕಾಗದದಿಂದ ಗೀಚಿ, ಸ್ಪಿರಿಟ್ಟಿನಿಂದ ಒರಸಿ, ಆಮೇಲೆ ಎಪಾಕ್ಸಿ ಅಂಟು ಹಚ್ಚಿ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಒಳಗೆ ಬರಿದಾಗುತ್ತದೆ. ಒಂದು ಪೂರ್ತಿ ದಿನ, ೨೪ ಗಂಟೆ, ಅದನ್ನು ಮುಟ್ಟದಿರಿ. ಮಕ್ಕಳಿಗೆ ಕಷ್ಟವಾಗುವುದು ಈ ಕಾಯುವಿಕೆಯೇ!

ಮರದ ಮಾತು. ನಮ್ಮ ಊರಿನ ಮಳೆಗಾಲದ ತೇವ ನಿಮಗೆ ಗೊತ್ತೇ ಇದೆ: ಉಪ್ಪು ನೀರಾಗುತ್ತದೆ, ಬಾಗಿಲು ಹಿಗ್ಗುತ್ತದೆ. ಹಸಿಮರದ ಹಿಡಿ ಆಷಾಢದಲ್ಲಿ ಹಿಗ್ಗಿ ಮಾಘದಲ್ಲಿ ಕುಗ್ಗಿ ಅಂಟು ಬಿಡುತ್ತದೆ. ಚೆನ್ನಾಗಿ ಒಣಗಿದ ಶೀಶಮ್, ಹುಣಿಸೆ, ಜಾಲಿ ಮೊದಲಾದ ಬಿಗಿಯಾದ ಮರ ಒಳ್ಳೆಯದು. ತೇಗದಲ್ಲಿ ಎಣ್ಣೆಯ ಅಂಶವುಂಟು. ಅಂಟುವ ಮೊದಲು ಸ್ಪಿರಿಟ್ಟಿನಿಂದ ಎರಡು ಸಲ ಒರಸಬೇಕು. ಬೀಟೆಯ ಪುಡಿ ಮೂಗು ಗಂಟಲಿಗೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸರಿಯಾದ ಮುಖವಾಡವೇ ಬೇಕು. ಹೊರದೇಶದ ಕೆಲವು ಪೆಟ್ಟಿಗೆಗಳಲ್ಲಿ ಜಿಂಕೆಯ ಕೊಂಬಿನ ಹಿಡಿ ಬರುತ್ತದೆ. ಅದರ ಗೋಜಿಗೆ ಹೋಗಬೇಡಿ; ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮಲ್ಲಿ ಆ ವ್ಯಾಪಾರಕ್ಕೆ ಅವಕಾಶವಿಲ್ಲ.

ಎರಡನೆಯ ದರ್ಜೆ: ಅರ ಹಿಡಿಯುವ ಪೆಟ್ಟಿಗೆ

ಎರಡು ಮೂರು ಹಿಡಿ ಕೂಡಿಸಿ, ಅವು ಒಂದು ವರ್ಷದ ಮಳೆಯನ್ನು ತಾಳಿ ನಿಂತ ಮೇಲೆ ಇಲ್ಲಿಗೆ ಬನ್ನಿ. ಇದರಲ್ಲಿ ಅಲಗು ಆಕಾರಕ್ಕೆ ಕತ್ತರಿಸಿದ ಮೆದು ಉಕ್ಕು. ಇಳಿಜಾರನ್ನು ನೀವೇ ಅರದಿಂದ ತೆಗೆಯಬೇಕು, ತೂತು ನೀವೇ ಕೊರೆಯಬೇಕು. ಮೇಜಿಗೆ ಬಿಗಿದ ವೈಸ್ ಒಂದು ಅವಶ್ಯ. ಎರಡೂ ಬದಿ ಸಮನಾಗಿ ಇಳಿಯಬೇಕಾದ್ದರಿಂದ ಬಾಯಿಯ ನಡುವೆ ಒಂದು ಗೆರೆ ಗೀಚಿಕೊಂಡು ಒಂದೊಂದು ಬದಿಗೂ ಎಣಿಸಿ ಉಜ್ಜಬೇಕು. ಬಾಯಿಯನ್ನು ಪೂರ್ತಿ ತೆಳುವು ಮಾಡದೆ ಸುಮಾರು ಅರ್ಧ ಮಿಲಿಮೀಟರ್ ಉಳಿಸಿ. ತೀರ ತೆಳುವಾದರೆ ಹದ ಕೊಡುವಾಗ ಸೊಟ್ಟಗಾಗುತ್ತದೆ, ಇಲ್ಲವೆ ಬಿರಿಯುತ್ತದೆ.

ಹದ ಕೊಡುವ ಕೆಲಸವನ್ನು ಮಾತ್ರ ಬಲ್ಲವರಿಗೆ ಒಪ್ಪಿಸಿಬಿಡಿ. ಗಂಗೆಯಾಚೆಯ ಹಾವಡಾ ಒಂದು ಕಾಲಕ್ಕೆ ‘ಪೂರ್ವದ ಶೆಫೀಲ್ಡ್’ ಎನಿಸಿಕೊಂಡ ಊರು. ಆ ಶೆಫೀಲ್ಡಾದರೋ ಇಂಗ್ಲೆಂಡಿನ ಚಾಕುಗಳ ತವರು. ಹಾವಡಾದ ಗಲ್ಲಿಗಳಲ್ಲಿ ಇಂದಿಗೂ ಎರಕದ ಮನೆಗಳೂ ಸಣ್ಣ ಯಂತ್ರಶಾಲೆಗಳೂ ದುಡಿಯುತ್ತಿವೆ. ಅಂಥಲ್ಲಿ ವಿಚಾರಿಸುವಾಗ ನಿಮ್ಮ ಉಕ್ಕಿನ ಹೆಸರು ನಿಮಗೆ ಗೊತ್ತಿರಬೇಕು. ಹೆಸರಿಲ್ಲದ ಉಕ್ಕಿಗೆ ಹದ ಕೊಡುವುದೆಂದರೆ ರೋಗ ತಿಳಿಯದೆ ಮದ್ದು ಅರೆದಂತೆ.

ಉಕ್ಕಿನ ಹೆಸರುಗಳು ಸಂಖ್ಯೆಗಳಲ್ಲಿರುತ್ತವೆ, ಹೆದರಬೇಕಾಗಿಲ್ಲ. ೧೦೮೪ ಎಂದರೆ ನೂರರಲ್ಲಿ ಸುಮಾರು ೦.೮೪ ಪಾಲು ಇಂಗಾಲವಿರುವ ಸಾದಾ ಉಕ್ಕು. ಕಲಿಯುವವರಿಗೆ ಇದರಷ್ಟು ಸಾಧುವಾದದ್ದು ಇನ್ನಿಲ್ಲ. ೧೦೯೫ರಲ್ಲಿ ಇಂಗಾಲ ಇನ್ನೂ ಹೆಚ್ಚು, ಅದಕ್ಕೆ ತಕ್ಕಂತೆ ಹದ ಕೊಡುವುದೂ ಸೂಕ್ಷ್ಮ. ನಮ್ಮ ಹಳ್ಳಿಯ ಕಮ್ಮಾರರು ಲಾರಿಯ ಪಟ್ಟೆ ಸ್ಪ್ರಿಂಗಿನಿಂದ ಮಚ್ಚು ಮಾಡುವುದುಂಟು. ಅದು ಒಳ್ಳೆಯ ಉಕ್ಕೇ, ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟೆಯೊಳಗೆ ಕಾಣದ ಬಿರುಕುಗಳಿರಬಹುದು. ಕಿಟಕಿಯ ಸರಳಿನಂಥ ಮೆದು ಕಬ್ಬಿಣದಲ್ಲಿ ಇಂಗಾಲ ಸಾಲದು. ಎಷ್ಟು ಕಾಯಿಸಿ ಅದ್ದಿದರೂ ಅದು ಚಾಕುವಾಗದು.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಬೇಕೆನ್ನುವಿರಾ? ಹುಣಿಸೆ, ನಿಂಬೆ, ಮಾವಿನಕಾಯಿಗಳ ನಮ್ಮ ಅಡುಗೆಗೆ, ಈ ಊರಿನ ತೇವಕ್ಕೆ ಅದು ಅನುಕೂಲವೇ. ಆದರೆ ಅದರ ಹದಕ್ಕೆ ೧೦೦೦ ಡಿಗ್ರಿಗೂ ಮೇಲ್ಪಟ್ಟ, ಅಳತೆ ತಪ್ಪದ ಕುಲುಮೆ ಬೇಕು. ಆದ್ದರಿಂದ ಸ್ಟೇನ್‌ಲೆಸ್ ಬೇಕೆನ್ನುವವರು ಮೊದಲ ದರ್ಜೆಯ, ಹದಗೊಂಡ ಅಲಗನ್ನೇ ಕೊಳ್ಳುವುದು ಜಾಣತನ. ಸಾದಾ ಉಕ್ಕಿನ ಚಾಕುವಾದರೆ ಹೆಚ್ಚಿದ ಕೂಡಲೆ ತೊಳೆದು, ಒರಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಬೇಕು. ಈಳಿಗೆ ಮಣೆಗೆ ನಮ್ಮಮ್ಮ ಮಾಡುತ್ತಿದ್ದುದೂ ಅದೇ.

ಮೂರನೆಯ ದರ್ಜೆ: ಬೆಂಕಿಯ ಪೆಟ್ಟಿಗೆ

ಬಡಿಯುವುದು, ಹದ ಕೊಡುವುದು ಎಲ್ಲವೂ ನಿಮ್ಮದೇ. ಇದರಲ್ಲಿ ಕುಲುಮೆ, ಅಡಿಗಲ್ಲು, ಇಕ್ಕಳ, ಸುತ್ತಿಗೆ ಎಲ್ಲ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತೆರೆದ ಅಂಗಳ ಬೇಕು. ಫ್ಲ್ಯಾಟಿನ ಅಡುಗೆಮನೆ, ಮೊಗಸಾಲೆ, ಮಹಡಿಯ ತಾರಸಿ ಇದಕ್ಕೆ ಸಲ್ಲವು. ೧೦೮೪ರಂಥ ಉಕ್ಕನ್ನು ಸುಮಾರು ೮೧೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಸುಮಾರು ೭೭೦ ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಹೋಗಬೇಕೆಂಬುದೇ ಕಮ್ಮಾರನ ಗುರುತು. ಅದ್ದುವ ಎಣ್ಣೆಯನ್ನು ೫೦-೬೦ ಡಿಗ್ರಿಗೆ ಬೆಚ್ಚಗೆ ಮಾಡಿ, ಆಳವಾದ ಲೋಹದ ಪಾತ್ರೆಯಲ್ಲಿ, ಮುಚ್ಚಳವನ್ನು ಕೈಗೆಟಕುವಂತೆ ಇಟ್ಟುಕೊಂಡಿರಬೇಕು. ಆಮೇಲೆ ಸುಮಾರು ೨೦೦ ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಬಾರಿ ಮಂದ ಶಾಖ. ಸತು ಲೇಪಿಸಿದ ತಗಡು, ಪೈಪುಗಳನ್ನು ಎಂದಿಗೂ ಬೆಂಕಿಗೆ ಹಾಕಬೇಡಿ. ಆ ಹೊಗೆ ಮೈಗೆ ವಿಷ. ಇದನ್ನೆಲ್ಲ ಓದಿ ಕಲಿಯುವುದಕ್ಕಿಂತ ಬಲ್ಲವರ ಪಕ್ಕದಲ್ಲಿ ಹತ್ತು ದಿನ ನಿಂತು ಕಲಿಯುವುದು ಮೇಲು. ಮಕ್ಕಳಿಗಂತೂ ಈ ದರ್ಜೆ ಬೇಡವೇ ಬೇಡ.

ಪಟ್ಟಿ ಸುತ್ತುವ ವಿದ್ಯುತ್ ಸಾಣೆಯಂತ್ರವನ್ನು ಕಂಡು ಕೆಲವರು ಮೊದಲ ದಿನವೇ ಮರುಳಾಗುತ್ತಾರೆ. ಅರ ಒಂದು ಗಂಟೆಯಲ್ಲಿ ಮಾಡುವ ತಪ್ಪನ್ನು ಅದು ಒಂದು ನಿಮಿಷದಲ್ಲಿ ಮಾಡುತ್ತದೆ. ಹದಗೊಂಡ ಅಲಗು ಅದರ ಮೇಲೆ ಕಾದು ನೀಲಿಗಟ್ಟಿದರೆ ಹದ ಹೋಯಿತೆಂದೇ ತಿಳಿಯಿರಿ. ನೀಲಿಬಣ್ಣ ಬರುವುದು ಸುಮಾರು ೩೦೦ ಡಿಗ್ರಿಗೆ.

ಉಕ್ಕು ನಮ್ಮ ಮಾತು

ಇಲ್ಲಿ ಒಂದು ಮಾತು ಹೇಳದಿದ್ದರೆ ಕನ್ನಡಿಗನಾಗಿ ನನಗೆ ಸಮಾಧಾನವಾಗದು. ‘ಡಮಾಸ್ಕಸ್’ ಎಂಬ ಹೆಸರಿನಲ್ಲಿ ಅಲೆಅಲೆಯಾದ ಗೆರೆಗಳ ಅಲಗುಗಳು ಈಗ ಪೆಟ್ಟಿಗೆಗಳಲ್ಲಿ ಬರುತ್ತವೆ. ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಮಾಡಿದವು ಕೆಲವು. ಮೇಲೆ ಗೆರೆ ಮಾತ್ರ ಮೂಡಿಸಿದವು ಇನ್ನು ಕೆಲವು. ಹಳೆಯ ಕಾಲದ ನಿಜವಾದ ಡಮಾಸ್ಕಸ್ ಕತ್ತಿಗಳ ಉಕ್ಕಾದರೋ ಮೂಸೆಯಲ್ಲಿ ಕರಗಿಸಿ ಮಾಡಿದ್ದು, ದಕ್ಷಿಣ ಭಾರತದಿಂದ ಹೋದದ್ದು. ಪಶ್ಚಿಮದವರು ಅದನ್ನು ‘ವೂಟ್ಸ್’ ಎಂದರು. ಅದು ನಮ್ಮ ‘ಉಕ್ಕು’ ಎಂಬ ಶಬ್ದದ ರೂಪವೆಂದೇ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಮೇಲೆ ಪ್ರಬಂಧ ಮಂಡಿಸಿದ. ಮುಂದೆ ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆಗೂಡಿ ಇದೇ ಉಕ್ಕಿನ ಗುಟ್ಟನ್ನು ಹುಡುಕಿದ. ೧೯೨೩ರಲ್ಲಿ ಭದ್ರಾವತಿಯಲ್ಲಿ ಕುಲುಮೆ ಉರಿಯುವುದಕ್ಕೆ ಎಷ್ಟೋ ಮೊದಲೇ ನಮ್ಮ ನಾಡಿನ ಉಕ್ಕು ಲೋಕ ಸುತ್ತಿ ಬಂದಿತ್ತು.

ಬಂಗಾಳವೇನೂ ಹಿಂದೆ ಬಿದ್ದಿಲ್ಲ. ಬರ್ಧಮಾನದ ಮಗ್ಗುಲ ಕಾಂಚನ್‌ನಗರ, ಪುರುಲಿಯಾದ ಝಾಲ್ದಾ ಇವು ಚಾಕು ಕತ್ತರಿಗಳಿಗೆ ಬಹುಕಾಲ ಹೆಸರಾದ ಊರುಗಳು. ನಮ್ಮ ಕಮ್ಮಾರ, ಅವರ ಕಾಮಾರ್ – ಕೇಳಿದರೆ ಅಣ್ಣತಮ್ಮಂದಿರ ಹೆಸರಿನಂತಿಲ್ಲವೇ?

ಕೊಳ್ಳುವಾಗ ಕೇಳಬೇಕಾದ್ದು

ಹಣ ಕೊಡುವ ಮುನ್ನ ಆರು ಪ್ರಶ್ನೆ ಕೇಳಿ. ಉಕ್ಕಿನ ಹೆಸರೇನು? ಹದಗೊಂಡಿದೆಯೇ, ಇಲ್ಲವೇ? ಹದಗೊಂಡಿದ್ದರೆ ಗಡಸು ಎಷ್ಟು? (ಅಡುಗೆಯ ಚಾಕುವಿಗೆ ರಾಕ್‌ವೆಲ್ ಅಳತೆಯಲ್ಲಿ ೫೬ರಿಂದ ೬೦ ಸಾಕು.) ಬೆನ್ನಿನ ದಪ್ಪವೆಷ್ಟು? (ತರಕಾರಿಗೆ ೨ರಿಂದ ೨.೫ ಮಿಲಿಮೀಟರ್, ಅದಕ್ಕಿಂತ ದಪ್ಪವಾದರೆ ಗಜ್ಜರಿ ಹೆಚ್ಚುವ ಬದಲು ಸೀಳುತ್ತದೆ.) ತೂತು, ಮೊಳೆ ಹೊಂದುತ್ತವೆಯೇ? ಮರ ಒಣಗಿದೆಯೇ? ಮೊದಲ ಎರಡು ಪ್ರಶ್ನೆಗೆ ಉತ್ತರ ಬಾರದಿದ್ದರೆ ಅಲ್ಲಿಂದ ಮುಂದೆ ನಡೆಯಿರಿ.

ಕಾನೂನಿನ ಮಾತೂ ಒಂದಿದೆ. ೧೯೫೯ರ ಆಯುಧ ಕಾಯಿದೆ ಮತ್ತು ಅದರ ನಿಯಮಗಳು ೯ ಅಂಗುಲಕ್ಕಿಂತ ಉದ್ದ ಅಥವಾ ೨ ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಗೃಹಕೃತ್ಯಕ್ಕೆ, ಬೇಸಾಯಕ್ಕೆಂದೇ ಮಾಡಿದವಕ್ಕೆ ವಿನಾಯಿತಿಯುಂಟು. ಬಾಕು, ಕಠಾರಿಯ ಆಕಾರದ ಪೆಟ್ಟಿಗೆಗಳು ಅಂದವಾಗಿ ಕಂಡರೂ ಕೊಳ್ಳಬೇಡಿ. ೪-೫ ಅಂಗುಲದ ತರಕಾರಿ ಚಾಕು ಕಲಿಕೆಗೂ ಸಾಕು, ಮನೆಗೂ ಸಾಕು. ಊರಿಗೆ ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿಡದೆ, ಒಪ್ಪಿಸುವ ಪೆಟ್ಟಿಗೆಯಲ್ಲಿ ಸುತ್ತಿಡಬೇಕು.

ಇನ್ನು ಸಾಣೆ. ಸೈಕಲ್ ಚಕ್ರ ತುಳಿದು ಬೀದಿಯಲ್ಲಿ ಸಾಣೆ ಹಿಡಿಯುವವರು ಬೊಂಟಿಗೆ ಸರಿ. ನೀವೇ ಕಷ್ಟಪಟ್ಟು ಮಾಡಿದ ತೆಳು ಅಲಗಿಗೆ ೧೦೦೦ ನಂಬರಿನ ನೀರುಗಲ್ಲು ತಂದು, ೧೫ರಿಂದ ೨೦ ಡಿಗ್ರಿ ಓರೆಯಲ್ಲಿ ನಿಧಾನವಾಗಿ ಉಜ್ಜಿ.

ನವಮಿಯ ಬೆಳಿಗ್ಗೆ

ನಮ್ಮ ಹುಡುಗನ ಕಥೆ ಎಲ್ಲಿಗೆ ಬಂತೆಂದು ಕೇಳುವಿರಿ. ಅವನ ತಂದೆಯನ್ನು ಒಪ್ಪಿಸಿದ್ದು ನಾನಲ್ಲ, ಅಜ್ಜಿ. “ಮಗು ಎಡವಿದ್ದು ನನಗೋಸ್ಕರ. ಎಡವಿದ ಮಗುವಿನ ನಡಿಗೆ ಬಿಡಿಸುತ್ತಾರೇನಪ್ಪ? ಮೆಟ್ಟಿಲು ಸಣ್ಣದು ಮಾಡಿಕೊಡು” ಎಂದರು. ಮೊದಲ ದರ್ಜೆಯ ಪೆಟ್ಟಿಗೆಯೊಂದನ್ನು ತಂದೆವು: ಹದಗೊಂಡ ಸ್ಟೇನ್‌ಲೆಸ್ ಅಲಗು, ೫ ಅಂಗುಲ. ಅದರೊಡನೆ ಬಂದ ಮರದ ಹೋಳುಗಳು ಅಜ್ಜಿಯ ಕೈಗೆ ತೆಳುವಾದವು. ದಪ್ಪ ಮರ ಎಲ್ಲಿ ತರುವುದೆಂದು ನಾವು ಯೋಚಿಸುತ್ತಿದ್ದಾಗ ಹುಡುಗನೇ ಅಟ್ಟ ಹತ್ತಿ ಸೀಳಿದ ಈಳಿಗೆ ಮಣೆಯನ್ನು ಇಳಿಸಿದ. “ಮಾವ, ಇದಕ್ಕಿಂತ ಒಣಗಿದ ಮರ ಇನ್ನೆಲ್ಲಿದೆ?” ಐವತ್ತು ವರ್ಷ ಒಣಗಿದ ಹಲಸು! ಮೇಲಿನ ಜಿಡ್ಡನ್ನು ಕೆತ್ತಿ ತೆಗೆದರೆ ಒಳಗೆ ಅರಿಸಿನದ ಬಣ್ಣ.

ಅಜ್ಜಿಯ ಕೈಗೆ ಕಲಸಿದ ಗೋಧಿಹಿಟ್ಟಿನ ಉಂಡೆ ಕೊಟ್ಟು ಒತ್ತಿಸಿ, ಮುಷ್ಟಿಯ ಅಳತೆ ತೆಗೆದುಕೊಂಡ. ಅದರಂತೆ ಹಿಡಿಯನ್ನು ದುಂಡಗೆ, ದಪ್ಪಗೆ ಉಜ್ಜಿದ. ಒಂದು ವಾರ ಹಿಡಿಯಿತು. ಒಂದು ಬದಿಯಲ್ಲಿ ಅಂಟಿನ ಗೆರೆ ತುಸು ಕಾಣುತ್ತದೆ. ಮುಂದಿನ ಸಲ ಕಾಣದಂತೆ ಮಾಡುತ್ತೇನೆಂದು ಅವನೇ ತೋರಿಸಿಕೊಡುತ್ತಾನೆ.

ಈ ಊರಿನಲ್ಲಿ ಸಲಕರಣೆಗಳಿಗೆ ಪೂಜೆ ಸೆಪ್ಟೆಂಬರ್ ನಡುವಿನ ವಿಶ್ವಕರ್ಮ ಪೂಜೆಯಂದು, ಆಕಾಶದ ತುಂಬ ಗಾಳಿಪಟ ಹಾರುವಾಗ. ನಮಗೆ ಆಯುಧಪೂಜೆ ಮಹಾನವಮಿಯಂದು. ಆ ನವಮಿಯ ಬೆಳಿಗ್ಗೆ ಹೊರಗೆ ದುರ್ಗೆಯ ಪೆಂಡಾಲಿನಿಂದ ಢಾಕ್ ಬಾರಿಸುತ್ತಿರಲು, ಒಳಗೆ ಮಣೆಯ ಮೇಲೆ ಅರ, ಬೈರಿಗೆ, ಸವೆದ ಈಳಿಗೆಯ ಅಲಗು, ಹೊಸ ಚಾಕು ಎಲ್ಲಕ್ಕೂ ಅಜ್ಜಿ ಕುಂಕುಮವಿಟ್ಟರು. ಮರುದಿನ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು ಹುರುಳಿಕಾಯಿ ಹೆಚ್ಚಿದರು. ಹುಡುಗ ಚಾಕುವನ್ನು ಅವರ ಕೈಗೆ ಕೊಡಹೋದಾಗ ಬೇಡವೆಂದು ತಲೆಯಾಡಿಸಿ, “ಚೂರಿಯನ್ನು ಕೈಗೆ ಕೊಡಬಾರದು, ಕೆಳಗಿಡು, ನಾನೇ ತೆಗೆದುಕೊಳ್ಳುತ್ತೇನೆ” ಎಂದರು. ಅವನು ಮೇಜಿನ ಮೇಲಿಟ್ಟ.

ಬೀರುವಿನ ಆ ದೊಡ್ಡ ಪೆಟ್ಟಿಗೆ ಬೀಗದೊಳಗೇ ಇದೆ. ಸೊಟ್ಟಗಾದ ಅಲಗೂ ಅಲ್ಲಿಯೇ ಇದೆ. ಎರಡು ಚಾಕುಗಳ ನಂತರ ಕೇಳುತ್ತೇನೆಂದು ಹುಡುಗ ತಂದೆಗೆ ಮಾತು ಕೊಟ್ಟಿದ್ದಾನೆ.